ಬಸವಕಲ್ಯಾಣಕ್ಕೆ ಹೋಗಲು ಒಂದು ನೆಪ

ಬೀಗ ಹಾಕಿ ಜಗ್ಗಿ ನೋಡದೆ ಮನೆ ಬಿಟ್ಟವರು ನಮ್ಮ ವಂಶದಲ್ಲೇ ಇಲ್ಲ. ನಮ್ಮಪ್ಪನಂತೂ ಬಸ್ ನಿಲ್ದಾಣದಿಂದ ಮತ್ತೊಮ್ಮೆ ಜಗ್ಗಿ ನೋಡಲು ಹಿಂದಿರುಗಿ, ಎಷ್ಟೋ ಮದುವೆಗಳಲ್ಲಿ ಅಕ್ಕಿಕಾಳು ತಪ್ಪಿಸಿಕೊಂಡು ಊಟಕ್ಕಷ್ಟೇ ಸಿಕ್ಕವರು. ಇಂಥವರ ಮಗನ ಕೈಗೆ ಕಂಪ್ಯೂಟರಿಗೆ ಬೀಗ ಹಾಕುವ ಫೈರ್‌ವಾಲ್ ಕೊಟ್ಟರೆ ಏನಾಗಬೇಕೋ ಅದೇ ಆಯಿತು.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಹುಮನಾಬಾದಿನ ಬೇಳೆ ವ್ಯಾಪಾರದ ಕಚೇರಿಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಗಿರಾಕಿಗಳಿಗೆ ದರ ತೋರಿಸುವ ವೆಬ್ ಸರ್ವರ್ ನನ್ನ ಹತ್ತಿರ. ದಾಸ್ತಾನಿನ ಮಾಹಿತಿಯೆಲ್ಲ ತುಂಬಿದ ಡೇಟಾಬೇಸ್ ಸರ್ವರ್ ಬಸವಕಲ್ಯಾಣದ ಗೋದಾಮಿನಲ್ಲಿ, ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವ ನಾಗವೇಣಿಯ ಹತ್ತಿರ. ಆಕೆಯನ್ನು ಒಮ್ಮೆ ಮಾತ್ರ ನೋಡಿದ್ದೆ. ಉಳಿದದ್ದು ಫೋನಿನ ದನಿ. ಮತ್ತೊಮ್ಮೆ ನೋಡಬೇಕೆಂದು ಜೀವ ಹಂಬಲಿಸುತ್ತಿತ್ತು, ಆದರೆ ಹೋಗಲು ಕಾರಣ ಬೇಕಲ್ಲ!

ಕಾರಣವನ್ನು ಮಾಲಕರೇ ಕೊಟ್ಟರು. "ದರ ನೋಡಾಕ ಬಂದವ ಗೋದಾಮಿನ ಒಳಗ ಹೊಕ್ಕರ ಹ್ಯಾಂಗೋ? ನಡುವ ಒಂದ ಗ್ವಾಡಿ ಕಟ್ಟು" ಎಂದರು. ನಾನು ಹುಮನಾಬಾದಿನಲ್ಲೇ ಕೂತು ಬಸವಕಲ್ಯಾಣದ ಸರ್ವರಿಗೆ ಫೈರ್‌ವಾಲಿನ ನಿಯಮ ಬರೆದೆ. ಮನೆತನದ ಪದ್ಧತಿಯಂತೆ ಮೊದಲು ಎಲ್ಲ ದಾರಿಯೂ ಬಂದ್. ವೆಬ್ ಸರ್ವರಿಗೆ ಬೇಕಾದ ಒಂದೇ ಒಂದು ದಾರಿಯನ್ನು ಆಮೇಲೆ ತೆರೆಯುವುದು. ಆ 'ಆಮೇಲೆ' ಬರಲೇ ಇಲ್ಲ. ನಾನು ಒಳಗೆ ಹೋಗುವ ದಾರಿಯೂ ಅದರಲ್ಲೇ ಬಂದ್ ಆಗಿತ್ತು, ಇನ್ನು ಬಸವಕಲ್ಯಾಣಕ್ಕೆ ಹೋಗಿಯೇ ಸರಿಮಾಡಿಸಬೇಕು. ಮಾಲಕರು ಬಾಯಿಗೆ ಬಂದಂತೆ ಬೈದರು. ನನಗೆ ಒಳಗೊಳಗೇ ಹಿಗ್ಗು. ಇಸ್ತ್ರಿ ಅಂಗಿ ತೊಟ್ಟು ಬಸ್ ಹತ್ತಿದೆ.

ನಾಗವೇಣಿ ನಕ್ಕಳು. "ಹೊರಗ ನಿಂತು ಒಳಗಿನ ಚಿಲಕ ಹಾಕೋದು ನಿಮಗ ಹ್ಯಾಂಗ ಬಂತ್ರಿ ಸರ್?" ನನ್ನ ಚಹಾ ಆರುವಷ್ಟರಲ್ಲಿ ಎಲ್ಲ ಸರಿಮಾಡಿದಳು. ಇಷ್ಟು ಬೇಗ ಮುಗಿಯಿತೇ ಎಂದು ನನ್ನ ಮುಖ ಬಾಡಿತು. ಅದನ್ನು ಬಸ್ಸಿನ ದಣಿವೆಂದುಕೊಂಡಳೋ ಏನೋ, ಇನ್ನೊಂದು ಉಪಕಾರವನ್ನೂ ಮಾಡಿದಳು. ಹೊಸ ನಿಯಮ ಹಾಕಿ ಐದು ನಿಮಿಷದೊಳಗೆ ನಾನು 'ಸರಿ' ಎಂದು ಒತ್ತದಿದ್ದರೆ ಸರ್ವರ್ ತಾನಾಗಿಯೇ ಹಳೆಯ ನಿಯಮಕ್ಕೆ ಮರಳುವಂತೆ ಏರ್ಪಾಡು ಮಾಡಿ, "ಇನ್ನ ನಿಮಗ ಇಷ್ಟ ದೂರ ಬರೋ ತ್ರಾಸ ಇಲ್ರಿ" ಎಂದಳು. ಆ ತ್ರಾಸಿಗಾಗಿಯೇ ಬದುಕಿದ್ದೆನೆಂದು ಹೇಗೆ ಹೇಳಲಿ?

ಹೊರಡುವಾಗ ಬಾಗಿಲವರೆಗೂ ಬಂದಳು. "ಮತ್ತೇನರ ಹೇಳೋದ ಅದ ಏನ್ರಿ?" ಇತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೇ ಬಂದಿದ್ದೆ. "ಕೀಬೋರ್ಡಿನ್ಯಾಗ ಧೂಳ ಭಾಳ ಅದರಿ, ಒರಸ್ರಿ" ಎಂದು ಹೇಳಿ ಬಂದೆ.

ಆಮೇಲೆ ಎಷ್ಟೋ ಸಲ ನಿಯಮ ತಪ್ಪಾಗಿ ಹಾಕಿ ಕಾದು ಕೂತಿದ್ದೇನೆ. ಐದೇ ನಿಮಿಷಕ್ಕೆ ಎಲ್ಲ ತಾನೇ ಸರಿಹೋಗುತ್ತಿತ್ತು. ಫೋನ್ ಮಾಡಲೂ ಕಾರಣ ಉಳಿಯಲಿಲ್ಲ. ಮುಂದೆ ಆಕೆ ಮದುವೆಯಾಗಿ ಮುಡಬಿಗೆ ಹೋದಳೆಂದು ಅವಳ ಜಾಗಕ್ಕೆ ಬಂದವರು ತಿಳಿಸಿದರು. ಅಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುವವರ ಮೇಲೆ ಮನಸ್ಸಿಡಬಾರದು. ಅದೇ ವರ್ಷ, ಆ ಒಂದು ಸಲದ ಬಳಿಕ ಮತ್ತೆ ಬಸವಕಲ್ಯಾಣಕ್ಕೆ ಹೋಗದೆ ಕೆಲಸ ನಿಭಾಯಿಸಿದ್ದಕ್ಕಾಗಿ ಮಾಲಕರು ಎಲ್ಲರೆದುರು ನನಗೆ ಶಾಲು ಹೊದಿಸಿದರು. ಕೈಮುಗಿದು ಹೊದ್ದುಕೊಂಡೆ.