ಖಾಲಿ ಡಬ್ಬ ಕೊಡಬಾರದು

ಕಾರ್ತಿಕದ ಚಳಿ ಆಗಷ್ಟೇ ಕಾಲಿಟ್ಟಿತ್ತು. ಬೆಳಗಿನ ಬಿಸಿಲು ಅರಸೀಕೆರೆಯ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಗೆ ಇಳಿಯುವ ಹೊತ್ತಿಗೆ ಉದಯಕುಮಾರ ಅಂಗಡಿ ಬಾಗಿಲೆತ್ತಿ, ಹೊಸ ಕಂಪ್ಯೂಟರಿಗೆ ಊದುಬತ್ತಿ ಹಚ್ಚಿದ. ಲಗ್ನಪತ್ರಿಕೆ, ಕರಪತ್ರ ಮಾಡಿಕೊಡುವ ಅಂಗಡಿ ಅವನದು. ಹಳೆಯ ಕಂಪ್ಯೂಟರಿನಲ್ಲಿ ಒಂದು ಅಕ್ಷರ ಒತ್ತಿದರೆ, ಎದುರಿನ ಅಂಗಡಿಯಲ್ಲಿ ಟೀ ಕುಡಿದು ಬಂದ ಮೇಲೆ ಅದು ಕಾಣಿಸುತ್ತಿತ್ತು. ಅದಕ್ಕೇ ಬಿಡಿಭಾಗ ತರಿಸಿ ತಾನೇ ಕೂತು ಹೊಸದನ್ನು ಜೋಡಿಸಿದ್ದ. ಒಳಗಿನ ಡಿಸ್ಕು ಚಿಕ್ಕದು, ಓಟದಲ್ಲಿ ಮಾತ್ರ ಕುದುರೆ.

ಆ ದಿನವೇ ಮಠದ ದೀಪೋತ್ಸವದ ಆಮಂತ್ರಣ ಮುಗಿಯಬೇಕಿತ್ತು. ಮಠದ ಮರುಳಪ್ಪನವರು ಖಡಾಖಂಡಿತ ಹೇಳಿ ಹೋಗಿದ್ದರು: "ಸಂಜೆ ಬತ್ತೀನಿ. ತಿದ್ದುಪಡಿ ಹೇಳ್ತೀನಿ, ನನ್ನೆದುರಿಗೇ ಮುಗಿಸ್ಕೊಡು. ಕೊಟ್ರೆ ವರ್ಷಪೂರ್ತಿ ಮಠದ ಕೆಲಸ ನಿಂದೇ."

ಬೇಲೂರಿನ ರಘುರಾಮ ಮೊದಲ ಬಸ್ಸಿಗೇ ಬಂದು ಕೂತಿದ್ದ. ಅವನೂ ಬೇಲೂರಿನಲ್ಲಿ ಇಂಥದ್ದೇ ಅಂಗಡಿ ಇಡುವವನು. ಹಳೆಯ ಡಬ್ಬ ಅವನಿಗೆಂದು ಮಾತಾಗಿತ್ತು. "ಒಳಗಿರೋದನ್ನ ಖಾಲಿ ಮಾಡಿ ಕೊಡಿ ಸರ್, ಸಾಕು," ಅಂದ.

ಉದಯಕುಮಾರ ತನ್ನ ಫೈಲುಗಳನ್ನಷ್ಟೇ ಹೊಸದಕ್ಕೆ ಸಾಗಿಸತೊಡಗಿದ. ಪಕ್ಕದ ಮನೆಯ ಅನುಸೂಯಮ್ಮ ಇಣುಕಿದರು.

"ಏನಪ್ಪಾ ಮಾಡ್ತಾ ಇದೀಯ?"

"ಈ ಡಬ್ಬದ್ದು ಆ ಡಬ್ಬಕ್ಕೆ ಹಾಕ್ತಾ ಇದೀನಿ ಅನುಸೂಯಮ್ಮೋರೆ. ಮನೆ ಬದಲಾಯಿಸಿದಂಗೆ."

ಆ ಮಾತು ಆಡಬಾರದಿತ್ತು. ಆ ಬೀದಿಯಲ್ಲಿ ಅನುಸೂಯಮ್ಮನಿಲ್ಲದೆ ಯಾರ ಮನೆಯ ಹಾಲೂ ಉಕ್ಕಿದ್ದಿಲ್ಲ.

"ಮನೆ ಅಂತೀಯ, ದೇವ್ರು ಬರೋ ಮುಂಚೆ ಪಾತ್ರೆ ಪರಟಿ ಒಳಗೆ ತಂದ್ಯಾ? ತೆಗಿ, ತೆಗಿ!"

ತೆಗೆದ. ದೇವರ ಪಟದಿಂದ ಮತ್ತೆ ಶುರುಮಾಡಿದ.

"ಹಿರೀಕರು?"

ತೀರಿಹೋದ ಅಪ್ಪನ ಫೋಟೋ ಬಂತು.

"ನಮ್ಮನೆಯವ್ರು? ಅವರ ಅರವತ್ತರ ಶಾಂತಿ ವಿಡಿಯೋ ನಿನ್ನತ್ರನೇ ಅಲ್ವಾ ಇಟ್ಟಿರೋದು? ಸತ್ತೋರನ್ನ ಊರು ಬಿಡಿಸ್ತೀಯಾ?"

"ಪೆನ್‌ಡ್ರೈವಿಗೆ ಹಾಕ್ಕೊಡ್ತೀನಿ ಕಣಮ್ಮಾ."

"ಅಂಥಾ ಆಜಾನುಬಾಹುನ ಬೆರಳುದ್ದದ ಕಡ್ಡಿಯೊಳಗೆ ತುರುಕ್ತೀಯಾ?"

ಯಜಮಾನರು ಹೊಸ ಮನೆಗೆ ಬಂದರು. ಸುದ್ದಿ ಎದುರಿನ ಟೀ ಅಂಗಡಿಗೆ ಹೋಯಿತು. ಕರಿಯಯ್ಯ ಸೌಟು ಹಿಡಿದೇ ಓಡಿಬಂದ.

"ಏನ್ಲಾ ಉದಯ, ನನ್ ಮಗಳ ಮದುವೆ ಎಲ್ಲೈತೆ?"

"ಐತೆ ಕಣಣ್ಣ. ತಾಳಿ ಕಟ್ಟೋದಷ್ಟು ಹಾಕ್ಕಂತೀನಿ."

"ಬೀಗರ ಔತಣ ಬಿಟ್ಟೀಯಾ ಮತ್ತೆ! ಅವ್ರು ಮೊದ್ಲೇ ಮುನಿಸ್ಕೊಂಡವ್ರೆ."

ಬೀಗರೆಲ್ಲ ಎಲೆ ಸಮೇತ ಬಂದರು. ಅವರ ಹಿಂದೆ ಇಡೀ ಬೀದಿಯ ನಾಮಕರಣ, ಸೀಮಂತ, ಜಾತಕ, ಪಹಣಿ, ಯಾರದೋ ಎಮ್ಮೆಯ ಫೋಟೋ. ಪರದೆಯ ಮೇಲೆ ತೆವಳುವ ಹಸಿರು ಗೆರೆಯನ್ನು ಜನ ತಡವಾದ ರೈಲು ಕಾದಂತೆ ಕಾದರು.

ಮಧ್ಯಾಹ್ನ ಕರೆಂಟು ಹೋಯಿತು. ಯುಪಿಎಸ್ಸು ತೊಟ್ಟಿಲಿನ ಕೂಸಿನಂತೆ ಚೀರತೊಡಗಿತು. ಕರಿಯಯ್ಯ ತನ್ನ ಇನ್ವರ್ಟರಿನಿಂದ ರಸ್ತೆಗೆ ಅಡ್ಡಲಾಗಿ ವೈರು ಎಳೆದ. ಅನುಸೂಯಮ್ಮ ನಡುರಸ್ತೆಯಲ್ಲಿ ಎರಡೂ ಕೈ ಚಾಚಿ ಆಟೋಗಳನ್ನು ತಡೆದರು: "ಮದುವೆ ದಾಟ್ತಾ ಐತೆ, ತಡ್ಕೊಳ್ರಪ್ಪಾ!"

ಸಂಜೆ ಹಸಿರು ಗೆರೆ ಆ ಕೊನೆ ಮುಟ್ಟಿತು. ಒಂದೂ ಕಳೆದಿರಲಿಲ್ಲ, ಎಮ್ಮೆಯೂ ಸಹ. ಬೀದಿ ಚಪ್ಪಾಳೆ ತಟ್ಟಿತು. ಕರಿಯಯ್ಯ ತೆಂಗಿನಕಾಯಿ ಒಡೆದ. ಉದಯಕುಮಾರನ ಎದೆ ಉಬ್ಬಿ ಅಂಗಿಯ ಗುಂಡಿ ಬಿಗಿಯಿತು.

ಹಳೆಯದರಲ್ಲಿದ್ದ ಫೈಲುಗಳನ್ನೆಲ್ಲ ಅಳಿಸಿ ಡಬ್ಬವನ್ನು ರಘುರಾಮನತ್ತ ಸರಿಸುವಾಗ ಅನುಸೂಯಮ್ಮ ಮತ್ತೆ ತಡೆದರು.

"ಖಾಲಿ ಪಾತ್ರೆ ಕೊಡ್ತಾರೇನೋ? ಒಂದು ಚಿಟಿಕೆ ಸಕ್ಕರೆನಾದ್ರೂ ಹಾಕಿ ಕೊಡ್ಬೇಕು ಕಣೋ. ಏನಾದ್ರೂ ಮಂಗಳದ್ದು ಹಾಕು."

ಗೆದ್ದವನ ಕೈ ಧಾರಾಳ. ಮಠದ ಆಮಂತ್ರಣಕ್ಕಿಂತ ಮಂಗಳದ್ದು ಯಾವುದು? ನಡುವೆ ದೀಪದ ಚಿತ್ರವಿತ್ತು. ಅದರದೊಂದು ಪ್ರತಿಯನ್ನು ಹಳೆಯದಕ್ಕೆ ಹಾಕಿದ. ರಘುರಾಮ ಕಣ್ಣಿಗೊತ್ತಿಕೊಂಡು, ಪಕ್ಕದ ಮೇಜಿನಲ್ಲಿ ಹಚ್ಚಿ ನೋಡತೊಡಗಿದ.

ಅಷ್ಟರಲ್ಲಿ ಮರುಳಪ್ಪನವರು ಬಂದರು. "ಎಲ್ಲಪ್ಪಾ, ತೆಗಿ. ಬಸ್ಸಿಗೆ ಹೊತ್ತಾಗ್ತದೆ."

ಉದಯಕುಮಾರ ಠೀವಿಯಿಂದ ಒತ್ತಿದ. ಹೊಸ ಕಂಪ್ಯೂಟರ್ ಬೀಗರ ಊಟ ಮುಗಿಸಿ ಗೋಡೆಗೊರಗಿದವನಂತೆ ಸುಮ್ಮನಿತ್ತು. ಮತ್ತೆ ಒತ್ತಿದ. ಡಿಸ್ಕಿನಲ್ಲಿ ಜಾಗವಿಲ್ಲ, ಏನಾದರೂ ಅಳಿಸಿ ಎಂದಿತು. ತಲೆಯೆತ್ತಿದರೆ ಇಡೀ ಬೀದಿ ಎದುರಿಗಿತ್ತು. ಮುಂದುಗಡೆ ಅನುಸೂಯಮ್ಮ, ಪಕ್ಕದಲ್ಲಿ ಸೌಟು ಹಿಡಿದ ಕರಿಯಯ್ಯ. ಬೆರಳು ಏಳಲಿಲ್ಲ.

"ಸರ್, ಇಲ್ಲೂ ಒಂದು ಪ್ರತಿ ಇದೆ," ಅಂದ ರಘುರಾಮ, ಮೆಲ್ಲಗೆ.

ಹೊರೆ ಇಳಿಸಿದ ಹಳೆಯ ಡಬ್ಬ ಕರುವಿನಂತೆ ಚಂಗನೆ ನೆಗೆಯುತ್ತಿತ್ತು. ಮರುಳಪ್ಪನವರು ಅವನ ಊರು ಕೇಳಿಕೊಂಡು ತಿದ್ದುಪಡಿ ಹೇಳುತ್ತಾ ಹೋದರು, ರಘುರಾಮ ತಿದ್ದುತ್ತಾ ಹೋದ. ಕೈಯಲ್ಲಿದ್ದ ಟೀ ಆರುವ ಮೊದಲೇ ಮುಗಿಯಿತು.

"ಭೇಷ್ ಕಣಯ್ಯ! ಏನು ಚುರುಕು ನಿನ್ನ ಮಿಷಿನ್ನು! ಬೇಲೂರೇನು ದೂರ, ಮಠದ ಕೆಲಸ ಇನ್ಮೇಲೆ ನಿನಗೇ."

ಬೀದಿ ಮತ್ತೊಮ್ಮೆ ಚಪ್ಪಾಳೆ ತಟ್ಟಿತು. ಅನುಸೂಯಮ್ಮ ಉದಯಕುಮಾರನ ಬೆನ್ನು ಸವರಿದರು.

"ನೋಡಿದ್ಯಾ? ಖಾಲಿ ಕೊಟ್ಟಿದ್ರೆ ಆ ಹುಡುಗನ ಗತಿ ಏನಾಗ್ತಿತ್ತು!"

ರಘುರಾಮ ಕಿಟಕಿ ಪಕ್ಕದ ಸೀಟಿನಲ್ಲಿ ಕೂತು, ಹಳೆಯ ಡಬ್ಬವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬೇಲೂರಿಗೆ ಹೊರಟುಹೋದ.