ಅತ್ತೆಯ ಪುಟದಲ್ಲಿಲ್ಲದ ಹೆಸರು

ನಮ್ಮ ಅತ್ತೆ ಮಾಡಿದಂಥ ವೆಬ್ ಪುಟ ಈ ಭೂಮಿಯ ಮೇಲೆ ಇನ್ನೊಂದು ಇರಲಾರದು ಎಂದು ನಾನು ಎಲ್ಲಿ ಬೇಕಾದರೂ ಎದೆ ತಟ್ಟಿ ಹೇಳಬಲ್ಲೆ. ಅದು ಕಾಣೆಯಾದ ಮನುಷ್ಯನೊಬ್ಬನನ್ನು ಹುಡುಕುವ ಪುಟ. ಅದರಲ್ಲಿ ಆತನ ಬಣ್ಣ ಇತ್ತು, ಎತ್ತರ ಇತ್ತು, ಸಿಟ್ಟು ಇತ್ತು, ಚಹಾಕ್ಕೆ ಎಷ್ಟು ಸಕ್ಕರೆ ಹಾಕಬೇಕು ಎಂಬುದೂ ಇತ್ತು. ಹೆಸರೊಂದು ಇರಲಿಲ್ಲ!

ಅತ್ತೆ ಅಂದರೆ ನಮ್ಮಪ್ಪನ ಅಕ್ಕ. ಕಾಣೆಯಾದವರು ಆಕೆಯ ಗಂಡ, ನಮ್ಮ ಮಾಮಾ. ಸಿಮೆಂಟ್ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಅವರಿಗೆ ಮರೆವಿನ ಕಾಯಿಲೆ ಶುರುವಾಗಿತ್ತು. ಮೊದಲು ಚಷ್ಮಾ ಇಟ್ಟ ಜಾಗ ಮರೆತರು. ಆಮೇಲೆ ನನ್ನನ್ನು ಮರೆತರು. (ಅದರಿಂದ ಅವರಿಗೇನೂ ದೊಡ್ಡ ನಷ್ಟವಾಗಲಿಲ್ಲ ಅನ್ನಿ.) ಕೊನೆಗೆ ಒಂದು ಮುಂಜಾನೆ ಚಹಾ ಕುಡಿದು ಹೊರಗೆ ಹೋದವರು ಮನೆಗೆ ಬರುವುದನ್ನೇ ಮರೆತರು. ವಾಡಿ ಜಂಕ್ಷನ್ ಅವರ ಮನೆಯಿಂದ ಕೂಗಳತೆಯಲ್ಲಿದೆ. ಯಾವ ರೈಲು ಹತ್ತಿದರೋ, ಎಲ್ಲಿ ಇಳಿದರೋ, ಆ ದೇವರೇ ಬಲ್ಲ.

ಪೊಲೀಸರಿಗೆ ದೂರು ಕೊಟ್ಟಿದ್ದಾಯಿತು. ಚಿತ್ತಾಪುರ, ಶಹಾಬಾದ್, ಸೇಡಂ ಬಸ್‌ಸ್ಟ್ಯಾಂಡುಗಳಲ್ಲಿ ಮಾಮಾನ ಫೋಟೋದ ಫ್ಲೆಕ್ಸ್ ಕಟ್ಟಿಸಿದ್ದಾಯಿತು. ಅಷ್ಟರಲ್ಲಿ ಯಾರೋ ಮುಖಂಡರ ಹುಟ್ಟುಹಬ್ಬ ಬಂತು. ಅವರ ನಗುಮುಖದ ಫ್ಲೆಕ್ಸು ಸೀದಾ ಮಾಮಾನ ಮುಖದ ಮೇಲೆಯೇ ಏರಿತು! ಅತ್ತೆ ಅದನ್ನು ಕಣ್ಣಾರೆ ನೋಡಿ, ಅದೇ ಬಸ್ಸಿಗೆ ವಾಪಸ್ ಬಂದು, ನನ್ನ ಕ್ಲಾಸಿನ ಮೆಟ್ಟಿಲು ಹತ್ತಿದಳು. ಸ್ಟೇಷನ್ ರಸ್ತೆಯ ಹಾರ್ಡ್‌ವೇರ್ ಅಂಗಡಿಯ ಮೇಲಿನ ಕೋಣೆಯಲ್ಲಿ, ಹೊಸಬರಿಗೆ ಸರಳ ವೆಬ್ ಪುಟ ಮಾಡುವುದನ್ನು ಕಲಿಸುವುದು ನನ್ನ ಹೊಟ್ಟೆಪಾಡು.

"ನೀ ಕಲಸ್ತೀಯಲ್ಲ, ಆ ಪುಟದ ಮ್ಯಾಲ ಯಾರರ ಫ್ಲೆಕ್ಸ್ ಹಚ್ತಾರೇನು?" ಅಂದಳು.

"ಇಲ್ಲ ಅತ್ತಿ. ಅಲ್ಲಿ ಹಚ್ಚಲಿಕ್ಕ ಬರಂಗಿಲ್ಲ."

"ಹಂಗಾದ್ರ ಕಲಸು."

"ಅಯ್ಯ, ನಾನೇ ಮಾಡಿ ಕೊಡ್ತೀನಿ. ಅರ್ಧಾ ತಾಸಿನ ಕೆಲಸ."

"ನನ್ನ ಗಂಡನ್ನ ನಾ ಹುಡುಕ್ತೀನಿ. ನೀ ಬರೇ ಕಲಸು."

ಹೀಗೆ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ ನಮ್ಮ ಅತ್ತೆ ಮುಂದಿನ ಬೆಂಚಿನ ವಿದ್ಯಾರ್ಥಿನಿಯಾದಳು. ಈ ವಿದ್ಯೆ ನಿಜಕ್ಕೂ ಕಷ್ಟದ್ದಲ್ಲ. ಬರೆಯುವ ಮಾತಿಗೆ ಮೊದಲೊಂದು ಗುರುತು, ಕೊನೆಗೊಂದು ಗುರುತು. ಮೊದಲಿನದು 'ಇಲ್ಲಿಂದ ದಪ್ಪ ಅಕ್ಷರ' ಎನ್ನುತ್ತದೆ, ಕೊನೆಯದು 'ಇಲ್ಲಿಗೆ ಸಾಕು' ಎನ್ನುತ್ತದೆ. ಅತ್ತೆ 'ಸಾಕು' ಹೇಳುವುದನ್ನು ಬಿಟ್ಟಳು. ಇಡೀ ಪುಟ ದಪ್ಪಗಾಯಿತು. ತಿದ್ದು ಅಂದರೆ, "ಇರ್ಲಿ ಬಿಡು, ಕಣ್ಣು ಮಂಜಾದವ್ರಿಗೂ ಕಾಣ್ತದ" ಎಂದಳು. ಹಿಂದಿನ ಬಣ್ಣ ಅರಿಶಿನ, ಅಕ್ಷರ ಕುಂಕುಮ. ಅದರ ಮುಂದೆ ಐದು ನಿಮಿಷ ಕೂತರೆ ಯಾರ ಕಣ್ಣಾದರೂ ಮಂಜಾಗುತ್ತಿತ್ತು!

ಫೋಟೋ ತಾ ಅಂದೆ. ಮದುವೆಯ ಫೋಟೋ ತಂದಳು.

"ಅತ್ತಿ, ಇದ್ರಾಗ ಮಾಮಾನ ತಲಿ ತುಂಬ ಕೂದಲ ಅವ! ಈಗಿಂದು ಹಾಕಬೇಕು."

"ಈಗಿಂದು ಹಾಕಿದ್ರ ಅವ್ರಿಗೆ ಸಿಟ್ಟು ಬರ್ತದ."

ಮನುಷ್ಯನೇ ಇಲ್ಲ, ಸಿಟ್ಟು ಎಲ್ಲಿಂದ ಬರಬೇಕು? ಕೊನೆಗೆ ಎರಡೂ ಹಾಕುವುದೆಂದು ರಾಜಿಯಾಯಿತು.

ಒಂದು ದಿನ ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಗುತ್ತಿತ್ತು. ಹೋಗಿ ನೋಡಿದರೆ, ಅತ್ತೆ ಎಲ್ಲಿಂದಲೋ ಚಿತ್ರ ಓಡಿಸುವ ಹಳೆಯ ಉಪಾಯವೊಂದನ್ನು ಕಲಿತುಬಿಟ್ಟಿದ್ದಾಳೆ. ಮಾಮಾ ಪರದೆಯ ಬಲಗಡೆಯಿಂದ ಬರುತ್ತಾರೆ, ಸರಸರನೆ ಸಾಗಿ ಎಡಗಡೆ ಮಾಯವಾಗುತ್ತಾರೆ! ನನಗೂ ನಗು ತಡೆಯಲಿಲ್ಲ.

"ಮೊದಲೇ ಕಾಣೆ ಆಗ್ಯಾರ ಅತ್ತಿ, ಮತ್ಯಾಕ ಓಡಸ್ಲಿಕತ್ತಿ?"

ಅತ್ತೆ ನಗಲಿಲ್ಲ. ಮಾಮಾ ಮಾಯವಾದ ಅಂಚಿನ ಮೇಲೆ ಬೆರಳಿಟ್ಟು ಕಾಯುತ್ತಿದ್ದಳು. ಅವರು ಬಲಗಡೆಯಿಂದ ಮತ್ತೆ ಕಾಣಿಸಿಕೊಂಡಾಗ ಉಸಿರು ಬಿಟ್ಟಳು.

"ಇದ್ರಾಗ ಹೋದ್ರೂ ಹೊಳ್ಳಿ ಬರ್ತಾರ ನೋಡು," ಅಂದಳು.

ಆಮೇಲೆ ಅವಳೇ ಓಟ ನಿಲ್ಲಿಸಿ, ಫೋಟೋವನ್ನು ನಡುವೆ ಕೂಡಿಸಿದಳು. ಓಡುವ ಮುಖದ ಗುರುತು ಯಾರಿಗೂ ಸಿಗುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ಫೋಟೋದ ಕೆಳಗೆ ತನ್ನದೇ ಮಾತಿನಲ್ಲಿ ಬರೆದಳು: 'ಸಿಟ್ಟು ಭಾಳ, ಮನಸ್ಸು ಛಲೋ ಅದ. ಚಹಾಕ್ಕ ಎರಡು ಚಮಚ ಸಕ್ರಿ ಹಾಕ್ರಿ. ಊಟ ಆಗ್ಯಾದ ಅಂತ ಹೇಳ್ತಾರ, ನಂಬಬ್ಯಾಡ್ರಿ. ಮೊದಲ ಉಣ್ಣಲಿಕ್ಕ ಕೊಡ್ರಿ, ಆಮ್ಯಾಲ ಫೋನ್ ಮಾಡ್ರಿ.' ಇದನ್ನು ತಿದ್ದುವ ಧೈರ್ಯ ನನಗೆ ಬರಲಿಲ್ಲ.

ಎಲ್ಲ ಮುಗಿಯಿತು ಎಂದಾಗ ನೋಡುತ್ತೇನೆ, ತಲೆಬರಹ 'ನಮ್ಮ ಮನಿಯವರು ಕಾಣೆಯಾಗಿದ್ದಾರೆ!' ಯಾರ ಮನೆಯವರು? ಹೆಸರೆಲ್ಲಿ? ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮ ಕಡೆಯ ಹಳೆಯ ಹೆಂಗಸರು ನಂಬುತ್ತಾರೆ. ಅದರಲ್ಲಿ ನಮ್ಮ ಅತ್ತೆಯನ್ನು ಮೀರಿಸಿದವರಿಲ್ಲ. ಮದುವೆ ಮನೆಯಲ್ಲಿ ಒಡಪು ಕಟ್ಟಿ ಗಂಡನ ಹೆಸರು ಹೇಳು ಎಂದು ಹೆಂಗಸರು ಅಡ್ಡಗಟ್ಟಿದರೆ, ಹಿತ್ತಲ ಬಾಗಿಲಿಂದ ಓಡಿಹೋಗುತ್ತಿದ್ದವಳು! ಬ್ಯಾಂಕಿನಲ್ಲಿ, ದವಾಖಾನೆಯಲ್ಲಿ ಕೇಳಿದರೆ ನನ್ನ ಕಡೆ ಕೈ ತೋರಿಸುವಳು. ಮಕ್ಕಳಿಲ್ಲದ ಆ ಮನೆಗೆ ಹೆಸರು ಹೇಳುವ ಗಂಡು ನಾನೊಬ್ಬನೇ.

"ಅತ್ತಿ, ಜನ ಹೆಸರು ಹಾಕಿ ಹುಡುಕ್ತಾರ. ಹೆಸರಿಲ್ಲಂದ್ರ ಈ ಪುಟ ಯಾರಿಗೂ ಸಿಗಂಗಿಲ್ಲ."

"ಎಲ್ಲಿ ಹ್ಯಾಂಗ ಅದಾರೋ ಏನೋ. ಇಂಥಾ ಹೊತ್ನ್ಯಾಗ ನಾ ಅವ್ರ ಆಯುಷ್ಯ ಕಡೀಲೇನು?"

"ಹಂಗಾದ್ರ ನಾ ಬರೀತೀನಿ."

"ನೀ ಬರದ್ರ ನಡೀತದ. ನೀ ಏನು ಅವ್ರ ಹೇಣ್ತಿ ಅಲ್ಲಲ್ಲ," ಎಂದು ಸೆರಗು ಮುಖದ ಮೇಲೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು. ನಾನು ಬರೆದೆ. ಆಮೇಲೆ ಅವಳು ಪುಟ ತೆರೆದಾಗಲೆಲ್ಲ ಹೆಸರಿದ್ದ ಜಾಗವನ್ನು ಅಂಗೈಯಿಂದ ಮುಚ್ಚಿಕೊಂಡು ಓದುತ್ತಿದ್ದಳು.

ಫೋನುಗಳು ಬಂದವು. ಚಿಂಚೋಳಿಯವನೊಬ್ಬ ತನ್ನ ಬಟ್ಟೆ ಅಂಗಡಿಗೂ ಇಂಥದ್ದೇ ಅರಿಶಿನದ ಪುಟ ಮಾಡಿಕೊಡಿ ಎಂದ! ಕಾಳಗಿ ಸಂತೆಯಲ್ಲಿ ನಿಮ್ಮವರನ್ನು ನೋಡಿದೆ ಎಂದು ಇನ್ನೊಬ್ಬ ಹೇಳಿದ್ದೇ ತಡ, ನಾವಿಬ್ಬರೂ ಓಡಿದೆವು. ಅಲ್ಲಿ ಮಿರ್ಚಿ ಭಜಿ ತಿನ್ನುತ್ತ ಕೂತಿದ್ದವರು ಬೇರೆ ಯಾರೋ. ಅವರಿಗೆ ಮನೆಯೂ ಇತ್ತು, ನೆನಪೂ ಇತ್ತು, ಹೆಂಡತಿ ಪಕ್ಕದಲ್ಲೇ ಇದ್ದಳು. ಅತ್ತೆ ಅವರಿಗೆ ಕೈಮುಗಿದು, ಇಬ್ಬರಿಗೂ ಚಹಾ ಕುಡಿಸಿ, ವಾಪಸ್ ಬರುವಾಗ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಕೂತಳು.

ಕೊನೆಯ ಫೋನು ರೈಲು ದಾರಿಯಲ್ಲಿ ಬಹಳ ಮುಂದಿರುವ ಒಂದು ಊರಿನ ಸರ್ಕಾರಿ ದವಾಖಾನೆಯಿಂದ ಬಂತು. ಪ್ಲಾಟ್‌ಫಾರ್ಮಿನಲ್ಲಿ ಜ್ವರದಿಂದ ಬಿದ್ದಿದ್ದ ಒಬ್ಬರನ್ನು ಯಾರೋ ತಂದು ಸೇರಿಸಿದ್ದರು. ಅವರು ಎರಡು ದಿನದ ಮೇಲೆ ತೀರಿಕೊಂಡಿದ್ದರು. ಹರೆಯದಲ್ಲಿ ಮುಂಗೈ ಮೇಲೆ ಹಾಕಿಸಿಕೊಂಡಿದ್ದ ಹಚ್ಚೆಯಲ್ಲಿನ ಅವರದೇ ಹೆಸರನ್ನು ಅಲ್ಲಿನ ನರ್ಸಮ್ಮ ಫೋನಿನಲ್ಲಿ ಹುಡುಕಿದ್ದಳು. ಸಿಕ್ಕಿದ್ದು ನಮ್ಮ ಅತ್ತೆಯ ಪುಟ. ಆ ನರ್ಸಮ್ಮ ಅಳುತ್ತಲೇ ಹೇಳಿದಳು: "ಊಟ ಆಗಿದೆ ಅಂದರು. ಆದರೂ ಗಂಜಿ ಕುಡಿಸಿದ್ದೆವು."

ನಾವು ಹೋದೆವು. ಅತ್ತೆ ಒಬ್ಬಳೇ ಒಳಗೆ ಹೋಗಿ ನೋಡಿ ಬಂದಳು. ಹೊರಗೆ ಕೂತಿದ್ದ ಪೊಲೀಸಿನವರು ಮೆಲ್ಲಗೆ ಕೇಳಿದರು: "ಯಜಮಾನರ ಹೆಸರೇನಮ್ಮ?"

ಎಂದಿನಂತೆ ನಾನು ಬಾಯಿ ತೆರೆದೆ. ಅತ್ತೆ ನನ್ನ ತೋಳು ಹಿಡಿದಳು.

"ನೀ ಸುಮ್ನಿರು. ಇನ್ನ ನಾ ಹೇಳಿದ್ರ ಏನೂ ಆಗಂಗಿಲ್ಲ."

ಹೇಳಿದಳು. ತಂದೆಯ ಹೆಸರು, ಮನೆತನದ ಹೆಸರು ಎಲ್ಲ ಕೂಡಿಸಿ, ತಲೆಯೆತ್ತಿ, ಪೂರ್ತಿ ಹೇಳಿದಳು. ಆ ಹೆಸರು ಇಷ್ಟು ಚಂದ ಇದೆ ಎಂದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

ದವಾಖಾನೆಯ ಗಾಡಿಯಲ್ಲಿ ಅತ್ತೆ ಮಾಮಾನ ತಲೆಯ ಹತ್ತಿರ ಕೂತಿದ್ದಳು. ಗಾಡಿ ವಾಡಿಯ ನಮ್ಮ ಓಣಿಗೆ ಹೊರಳಿದಾಗ ಅವಳು ಬಾಗಿ, ಅವರ ಹೊದಿಕೆ ಸರಿಮಾಡಿ, ಇನ್ನೊಮ್ಮೆ ಹೆಸರು ಹಿಡಿದು ಕರೆದಳು.

"ಮನಿ ಬಂತು ನೋಡ್ರಿ," ಅಂದಳು.