ಪರದೆಯ ಮೇಲೆ ತಿರುಗುವ ಚಕ್ರದವರಿಗೆ ಒಂದು ವಿನಂತಿ

ಕಂಪ್ಯೂಟರಿನ ಪರದೆಯ ನಟ್ಟನಡುವೆ ಸದಾ ತಿರುಗುತ್ತಿರುವ ಚಕ್ರದವರೇ, ಮಾನ್ಯರೇ,

ಕೊಪ್ಪಳ ಜಿಲ್ಲೆಯ ಸಮಸ್ತ ಜನತೆಯ ಪರವಾಗಿ ಹರ್ಷದಿಂದ ತಿಳಿಯಪಡಿಸುವುದೇನೆಂದರೆ, ಮೊನ್ನೆ ಕುಷ್ಟಗಿಯ ತರಬೇತಿ ಸಭಾಂಗಣದಲ್ಲಿ ತಾವು ಒಂದು ಕ್ಷಣ ನಿಂತಿರಿ. ಕರೆಂಟು ಹೋಗಿತ್ತೆಂದು ಆಮೇಲೆ ತಿಳಿಯಿತು.

ಅಂತರ್ಜಾಲದ ಸಾಮಗ್ರಿಗಳಿಂದ ತರಗತಿ ಚಟುವಟಿಕೆ ಕಟ್ಟುವುದು ಹೇಗೆಂದು ಶಿಕ್ಷಕರಾದ ನಮಗೆ ಕಲಿಸುವ ಆ ತರಬೇತಿಯಲ್ಲಿ, ವಿಡಿಯೋ, ಆಟ, ನಕ್ಷೆ ಎಲ್ಲವೂ ತಮ್ಮ ಹಿಂದೆಯೇ ಇವೆಯೆಂದು ಸಂಪನ್ಮೂಲ ವ್ಯಕ್ತಿಗಳು ಆಣೆ ಮಾಡಿ ಹೇಳಿದರು, ನಾವೂ ನಂಬಿದೆವು. ಆದರೆ ಚಹಾ ಬಂತು, ಊಟ ಬಂತು, ಹಾಜರಿಗೆ ಸಹಿಯೂ ಬಿತ್ತು, ತಮ್ಮ ಹಿಂದಿದ್ದವರು ಮಾತ್ರ ಮುಂದೆ ಬರಲಿಲ್ಲ. ಊಟಕ್ಕೂ ಏಳದೆ ಹೀಗೆ ದುಡಿಯುವ ಇನ್ನೊಬ್ಬರನ್ನು ಇಲಾಖೆಯಲ್ಲಿ ನಾನು ಕಂಡಿಲ್ಲ.

ನನ್ನ ಪಕ್ಕ ಕೂತಿದ್ದ ಯಲಬುರ್ಗಾ ತಾಲ್ಲೂಕಿನ ಪಾರ್ವತೆಮ್ಮ ಟೀಚರು ಕಲಿತದ್ದನ್ನು ಚಾಚೂ ತಪ್ಪದೆ ಮಾಡುವವರು. ಶಾಲೆಯಲ್ಲಿ ನೆಟ್ ಸಿಗದಿದ್ದುದರಿಂದ ದೊಡ್ಡ ರಟ್ಟಿನ ಮೇಲೆ ಕಂಪ್ಯೂಟರಿನ ಪರದೆ ಬರೆದು, ತರಬೇತಿಯಲ್ಲಿ ಕಾಣಿಸಿಕೊಂಡವರು ತಾವೊಬ್ಬರೇ ಆದ್ದರಿಂದ, ನಡುವೆ ತಮ್ಮನ್ನೂ ರಟ್ಟಿನಲ್ಲಿ ಕತ್ತರಿಸಿ ಮೊಳೆ ಹೊಡೆದು ಕೂರಿಸಿದರು. ಒಂದು ಮಗು ತಮ್ಮನ್ನು ತಿರುಗಿಸಬೇಕು, ಉಳಿದವರು ಹಿಂದೇನಿದೆಯೆಂದು ಊಹಿಸಿ ಕಾರಣ ಹೇಳಬೇಕು. ಕೊನೆಗೆ ರಟ್ಟು ಸರಿಸಿದರೆ ಅಲ್ಲೊಂದು ನಿಜವಾದ ಗೀಜಗನ ಗೂಡು. "ಅಕ್ಕೋರ, ಲಗೂ ತೆಗೀಬ್ಯಾಡ್ರಿ, ಇನ್ನಷ್ಟು ತಿರಗಲಿ!" ಎಂದು ಮಕ್ಕಳು ಕಿರುಚಿದರಂತೆ. ತಮ್ಮನ್ನು ಕಂಡು ಕುಣಿದವರು ಭೂಮಿಯ ಮೇಲೆ ಇವರೇ ಮೊದಲಿರಬೇಕು.

ಆದರೆ ತಪಾಸಣೆಗೆ ಬಂದ ಸಾಹೇಬರು ಗೂಡನ್ನು ತಿರುವಿ ತಿರುವಿ ನೋಡಿ, "ಎಲ್ಲಾ ಛಲೋ ಐತ್ರಿ ಮೇಡಂ, ಆದ್ರ ಇಲಾಖೆ ಪೋರ್ಟಲ್‌ನಾಗ ಕಾಣವಲ್ದಲ್ಲ?" ಎಂದರು.

"ಸರ, ಹುಡುಗ್ರನ್ನ ಕೇಳ್ರಿ, ಅವು ಹೇಳ್ತಾವು."

"ಹುಡುಗ್ರನ್ನ ಅಪ್ಲೋಡ್ ಮಾಡಾಕ ಬರಂಗಿಲ್ರಿ!"

ಶನಿವಾರದೊಳಗೆ ಚಟುವಟಿಕೆಯ ವಿಡಿಯೋ ಪೋರ್ಟಲ್ಲಿಗೆ ಏರದಿದ್ದರೆ ಟೀಚರು ದಸರಾ ರಜೆಯಲ್ಲಿ ಇದೇ ತರಬೇತಿಗೆ ಮತ್ತೆ ಹಾಜರಾಗಬೇಕು. ಅವರ ಮಗಳು ಸಹನಾ ಚೊಚ್ಚಲ ಹೆರಿಗೆಗೆ ತವರಿಗೆ ಬರುವುದೂ ಅದೇ ರಜೆಗೆ. ಈಗ ಆ ವಿಡಿಯೋದ ಮೇಲೂ ತಾವೇ ತಿರುಗುತ್ತಿದ್ದೀರಿ.

ಆದ್ದರಿಂದ ಬೇಡಿಕೊಳ್ಳುವುದೇನೆಂದರೆ, ತಾವು ಬಹಳ ದಣಿದಿದ್ದೀರಿ. ಹುಲಿಗಿಗೆ ಹೋಗಿ ಹೊಳೆಯಲ್ಲಿ ಮಿಂದು, ಗುಡಿಯಲ್ಲಿ ಅಮ್ಮನ ದರ್ಶನ ಮಾಡಿ, ಗಂಗಾವತಿಯಲ್ಲಿ ಬಿಸಿ ಅನ್ನ ಉಂಡು ಒಂದು ನಿದ್ದೆ ತೆಗೆಯಿರಿ. ಅದಾಗದಿದ್ದರೆ ಸಹನಾಳ ಬಾಣಂತನವನ್ನು ತಾವೇ ವಹಿಸಿಕೊಳ್ಳಿ: ತೊಟ್ಟಿಲ ಪಕ್ಕ ಹಗಲೂ ರಾತ್ರಿ ಕಣ್ಣು ಮುಚ್ಚದೆ ಇರಬಲ್ಲವರು ತಮ್ಮಷ್ಟು ಇನ್ಯಾರಿದ್ದಾರೆ?

ತಾವು ತಿರುಗಿದಷ್ಟೂ ಕಾಯುವ,
ತಮ್ಮ ವಿಶ್ವಾಸಿ,
ಪಂಪಾಪತಿ ಮಾಸ್ತರ

ವಿ.ಸೂ.: ಚಕ್ರದವರ ಉತ್ತರಕ್ಕೆ ಕಾಯುವಷ್ಟು ವೇಳೆಯಿಲ್ಲ, ಆದ್ದರಿಂದ ಓದುಗರಲ್ಲಿ ಒಂದು ಮಾತು. ಟೀಚರು ಶಾಲೆ ಬಿಟ್ಟು ಹೋಗುವಂತಿಲ್ಲ. ಶುಕ್ರವಾರದ ಬೆಳಗಿನ ಬಸ್ಸಿಗೆ ಯಲಬುರ್ಗಾದಿಂದ ಕೊಪ್ಪಳಕ್ಕೆ ಹೊರಟವರು ಯಾರಾದರೂ ಅವರ ಫೋನನ್ನು ಕಿಟಕಿ ಬದಿ ಹಿಡಿದುಕೊಂಡು ಹೋಗಿ, ಸಿಗ್ನಲ್ ಸಿಕ್ಕು ವಿಡಿಯೋ ಏರಿದ ಮೇಲೆ ಅದೇ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟುಬಿಡಿ. ಕಂಡಕ್ಟರಿಗೆ ಯಾವ ಡಿಜಿಟಲ್ ತರಬೇತಿಯೂ ಆಗಿಲ್ಲ. ಮರಳುವ ಬಸ್ಸಿನಲ್ಲಿ ಫೋನು ಹೊತ್ತಿಗೆ ಸರಿಯಾಗಿ ಊರು ಮುಟ್ಟುತ್ತದೆ.